ಬ್ರಸೆಲ್ಸ್ ಸಮಿತಿಯ ಮುಂದೆ ಬ್ಯಾಡಗಿಯ ಫ್ಯಾನು

ಬ್ಯಾಡಗಿ: ಹೊರಡುವ ಮೊದಲು

ಊರು ನೋಡಲು ಹೋದವರು ಬಂದು ಆ ಊರಿನ ಕಥೆ ಹೇಳುತ್ತಾರೆ. ನಾನು ಬ್ರಸೆಲ್ಸಿಗೆ ಹೋಗಿ ಬಂದು ಒಂದು ಫ್ಯಾನಿನ ಕಥೆ ಹೇಳಬೇಕಾಗಿದೆ. ಅಲ್ಲಿನ ಹೆಸರುವಾಸಿ ಕಟ್ಟಡಗಳಲ್ಲಿ ಒಂದನ್ನೂ ನಾವು ನಿಂತು ನೋಡಲಿಲ್ಲ. ಇದ್ದಷ್ಟು ದಿನವೂ ಪರೀಕ್ಷೆಗೆ ಹೊರಟವರ ಹಾಗೆ ಹೇಳಬೇಕಾದ ಮಾತನ್ನೇ ಬಾಯಿಪಾಠ ಮಾಡುತ್ತಿದ್ದೆವು.

ನಾನು ರಾಣೆಬೆನ್ನೂರಿನವಳು, ಹೆಸರು ನಸೀಮಾ. ಅಬ್ಬಾ ಹಾಕಿದ ಮೋಟಾರ್ ವೈಂಡಿಂಗ್ ಅಂಗಡಿಯನ್ನು ಈಗ ನಾನು ನಡೆಸುತ್ತೇನೆ. ಸುಟ್ಟುಹೋದ ಮೋಟಾರಿನ ಹಳೇ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿ ಕೊಡುವುದು ನಮ್ಮ ಮೂಲ ಕಸುಬು. ಕೆಲವು ವರ್ಷಗಳಿಂದ ಹಿಂದಿನ ಶೆಡ್ಡಿನಲ್ಲಿ ಯುರೋಪಿನ ಒಂದು ಕಂಪನಿಗೆ ತಂತಿಯ ಸುರುಳಿಗಳನ್ನೂ ಸುತ್ತಿ ಕಳಿಸುತ್ತೇವೆ. ಶೆಡ್ಡಿನಲ್ಲಿ ದುಡಿಯುವವರೆಲ್ಲ ಹೆಂಗಸರು, ಸುತ್ತಲ ಹಳ್ಳಿಗಳಿಂದ ಬಸ್ಸು ಹಿಡಿದು ಬರುವವರು. ಆ ಒಂದು ಕಂಪನಿಯ ಆರ್ಡರ್ ನಿಂತರೆ ಶೆಡ್ಡಿಗೆ ಬೀಗ.

ಅದೇ ಕಂಪನಿ ಕೋಲ್ಡ್ ಸ್ಟೋರೇಜುಗಳಿಗೆ ದೊಡ್ಡ ಫ್ಯಾನುಗಳನ್ನು ಮಾಡುತ್ತದೆ. ಬ್ಯಾಡಗಿಯ ಮಲ್ಲೇಶಪ್ಪ ಕಾಕಾ ತಮ್ಮ ಕೋಲ್ಡ್ ಸ್ಟೋರೇಜಿಗೆ ಅವನ್ನು ಹಾಕಿಸಿದ್ದರು. ಕಾಕಾ ಅಬ್ಬಾನ ಗೆಳೆಯರು. ನಾನು ಲಂಗ ತೊಡುವ ವಯಸ್ಸಿನಿಂದ ಅವರನ್ನು ಕಾಕಾ ಎಂದೇ ಕರೆದವಳು. ಅವರ ಮಗ ಬಸವರಾಜ ಹಾವೇರಿಯಲ್ಲಿ ಆ ಕಂಪನಿಯ ಏಜೆನ್ಸಿ ಹಿಡಿದಿದ್ದಾನೆ. ಹೀಗೆ ನಮ್ಮಿಬ್ಬರ ಮನೆಯ ಒಲೆಗೂ ಆ ಫ್ಯಾನಿಗೂ ನಂಟಿತ್ತು.

ಯುರೋಪಿನಲ್ಲಿ ಹೊಸ ನಿಯಮವೊಂದು ಬರುವುದರಲ್ಲಿತ್ತು. ಅದರಲ್ಲಿ ಮುಖ್ಯವಾಗಿ ಎರಡು ಮಾತು. ಮೊದಲನೆಯದು, ಮೋಟಾರುಗಳು ಇನ್ನೂ ಕಡಿಮೆ ಕರೆಂಟ್ ತಿನ್ನಬೇಕು. ಇದಕ್ಕೆ ಕಂಪನಿಯವರ ತಕರಾರಿರಲಿಲ್ಲ, ಅವರ ಫ್ಯಾನು ಖರೇನೇ ಕಡಿಮೆ ಕರೆಂಟ್ ತಿನ್ನುತ್ತಿತ್ತು. ಎರಡನೆಯದು, ಸಾಮಾನ್ಯ ಪಾನಾ, ಸ್ಕ್ರೂಡ್ರೈವರಿನಿಂದ ಮೋಟಾರು ಬಿಚ್ಚಲು ಬರಬೇಕು, ಬಿಡಿಭಾಗ ಸಿಗಬೇಕು, ಒಳಗಿನ ತಂತಿಯ ವಿವರವನ್ನು ಯಾವ ರಿಪೇರಿಯವನು ಕೇಳಿದರೂ ಕೊಡಬೇಕು. ಇದು ಅವರಿಗೆ ಬೇಡವಾಗಿತ್ತು. ಅವರ ಹೊಸ ಮೋಟಾರಿಗೆ ತಿರುಪುಗಳೇ ಇಲ್ಲ, ಒಳಗೆಲ್ಲ ರಾಳ ಸುರಿದು ಮುಚ್ಚಿರುತ್ತಾರೆ. ಫ್ಯಾನು, ಮೋಟಾರು ಮಾಡುವ ಕಂಪನಿಗಳೆಲ್ಲ ಸೇರಿ ಒಂದು ಸಂಘ ಮಾಡಿಕೊಂಡು, ನಿಯಮ ಬರೆಯುವ ಸಮಿತಿಯ ಮನವೊಲಿಸಲು ಓಡಾಡುತ್ತಿದ್ದವು.

ಸಂಘದ ಪರವಾಗಿ ಮಾರ್ಟಿನ್ ಎಂಬ ಅಧಿಕಾರಿ ಬ್ಯಾಡಗಿಗೇ ಬಂದಿದ್ದ. ಬಿಳಿ ಧೋತರ, ತಲೆಗೆ ಟೋಪಿ ಹಾಕಿಕೊಂಡು ಚೀಲಗಳ ನಡುವೆ ನಿಂತಿದ್ದ ಕಾಕಾನನ್ನು ನೋಡಿದ್ದೇ ಅವನ ಮುಖ ಅರಳಿತು. ಸಮಿತಿಯವರು ಬರೀ ಕೋಟು ತೊಟ್ಟವರ ಮಾತು ಕೇಳಿ ಬೇಸತ್ತಿದ್ದಾರೆ, ಫ್ಯಾನು ಬಳಸುವ ಇಂಥವರೊಬ್ಬರು ಬಂದು ಮಾತಾಡಬೇಕು ಎಂದ. ಸುರುಳಿ ಸುತ್ತುವವಳಾಗಿ ನಾನೂ ಮಾತಾಡಬೇಕು, ಕಾಕಾನಿಗೆ ಇಂಗ್ಲಿಷ್ ಬಾರದ್ದರಿಂದ ಅವರ ಮಾತನ್ನೂ ನಾನೇ ಹೇಳಬೇಕು ಎಂದು ತೀರ್ಮಾನವಾಯಿತು.

ಆದರೆ ಮಾರ್ಟಿನ್‌ಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಹೋದ ಬೇಸಿಗೆಯಲ್ಲಿ, ಕೋಣೆ ತುಂಬ ರೈತರ ಮೆಣಸಿನಕಾಯಿ ಇದ್ದಾಗ, ಕಾಕಾನ ಆ ಹೊಸ ಫ್ಯಾನು ನಿಂತುಬಿಟ್ಟಿತ್ತು. ಬ್ಯಾಡಗಿ ಕಾಯಿಗೆ ಬೆಲೆ ಬಣ್ಣದಿಂದ, ತಂಪು ತಪ್ಪಿದರೆ ಮೊದಲು ಹೋಗುವುದೂ ಬಣ್ಣವೇ. ಕಂಪನಿಯ ಹೊಸ ಮೋಟಾರು ಹಡಗಿನಲ್ಲಿ ಬರಬೇಕಿತ್ತು. ಕಾಕಾ ನಿಂತುಹೋದ ಮೋಟಾರನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ನಮ್ಮ ಅಂಗಡಿಗೆ ತಂದರು. ಗರಗಸದಿಂದ ಅದರ ಮೈ ಕೊಯ್ದು, ರಾಳ ಕೆತ್ತಿ ತೆಗೆದು, ಅಂದಾಜಿನ ಮೇಲೆ ತಂತಿ ಸುತ್ತಿ ಕೊಟ್ಟೆವು. ಹೊಸದು ಬರುವವರೆಗೆ ಅದೇ ತಿರುಗಿತು. ಈ ವಿಷಯ ಅಲ್ಲಿ ಎತ್ತಬೇಡಿ ಎಂದು ಬಸವರಾಜ ಕೈಮುಗಿದು ಕೇಳಿಕೊಂಡಿದ್ದ. ಎತ್ತುವುದಿಲ್ಲ ಎಂದು ಕಾಕಾ ಒಪ್ಪಿದ್ದರು. ಯಾರು ಕೇಳುತ್ತಾರೆ ಎಂದು ನಾನೂ ಸಮಾಧಾನ ಮಾಡಿಕೊಂಡಿದ್ದೆ.

ಬ್ರಸೆಲ್ಸ್: ವಿಮಾನ ನಿಲ್ದಾಣ ಮತ್ತು ರಸ್ತೆ

ವಿಮಾನ ಇಳಿದ ಕೂಡಲೇ ಸುಂಕದವರು ಕಾಕಾನ ಚೀಲ ಬಿಚ್ಚಿಸಿದರು. ಕಟಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಜೊತೆಗೆ ಅಪರಿಚಿತರಿಗೆ ಕೊಡಲೆಂದು ಕಾಕಾ ತಂದ ಒಣ ಮೆಣಸಿನಕಾಯಿಯ ಪೊಟ್ಟಣಗಳು. ಅಧಿಕಾರಿ ಒಂದು ಕಾಯಿಯನ್ನು ಕೈಗವಸು ತೊಟ್ಟ ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಅದರ ಸುಕ್ಕಿನೊಳಗೆ ಏನೋ ಅಡಗಿದೆ ಎಂಬ ಅನುಮಾನವಿರಬೇಕು. ಕಾಕಾ ನನ್ನ ಕಡೆ ತಿರುಗಿ, ಇದು ತಿನ್ನುವ ವಸ್ತು, ಇದರ ಬಣ್ಣದಿಂದ ತುಟಿಗೆ ಹಚ್ಚುವ ರಂಗನ್ನೂ ಮಾಡುತ್ತಾರೆ ಎಂದು ಹೇಳಲು ಹೇಳಿದರು. ಹೇಳಿದೆ. ಅವನು ನಗಲಿಲ್ಲ. ರೊಟ್ಟಿ, ಚಟ್ನಿ ವಾಪಸ್ ಕೊಟ್ಟ, ಕಾಯಿ ಇಟ್ಟುಕೊಂಡ. ಕೊಟ್ಟದ್ದನ್ನು ಬೇಡವೆಂದವರನ್ನು ಕಾಕಾ ಕಂಡಿದ್ದರು, ಕಾಯಿಯನ್ನೇ ಅನುಮಾನಿಸಿದವನನ್ನು ಕಂಡದ್ದು ಇದೇ ಮೊದಲು. ದಾರಿಯುದ್ದಕ್ಕೂ ಮುಖ ಗಂಟಿಕ್ಕಿಕೊಂಡೇ ಕುಳಿತಿದ್ದರು.

ಊರು ಬೂದಿ ಬಣ್ಣದ್ದು. ಮಳೆ ಬೀಳುತ್ತಿದೆಯೋ ನಿಂತಿದೆಯೋ ತಿಳಿಯದಂಥ ತುಂತುರು. ಕಲ್ಲು ಜೋಡಿಸಿದ ರಸ್ತೆಯಲ್ಲಿ ಕಾಕಾನ ಚಪ್ಪಲಿ ಜಾರುತ್ತಿತ್ತು. ಒಂದು ಗಾಡಿಯೂ ಇಲ್ಲದ ಖಾಲಿ ರಸ್ತೆಯ ಅಂಚಿನಲ್ಲಿ ಜನ ಕೆಂಪು ದೀಪ ನೋಡುತ್ತ ನಿಂತಿದ್ದರು. ಕಾಕಾ ಅಭ್ಯಾಸದಂತೆ ದಾಟಿಬಿಟ್ಟರು. ಯಾರೂ ಏನೂ ಅನ್ನಲಿಲ್ಲ, ಎಲ್ಲರೂ ನೋಡಿದರು ಅಷ್ಟೇ. ಆ ನೋಟಕ್ಕಿಂತ ಬೈದಿದ್ದರೆ ಚಲೋ ಇತ್ತು ಎಂದು ಕಾಕಾ ಆಮೇಲೆ ಹೇಳಿದರು.

ನನಗೆ ಹಿಡಿಸಿದ್ದು ಒಂದೇ. ರಸ್ತೆಯ ಹೆಸರುಗಳೆಲ್ಲ ಎರಡೆರಡು ಭಾಷೆಯಲ್ಲಿದ್ದವು, ಮೇಲೆ ಫ್ರೆಂಚು, ಕೆಳಗೆ ಡಚ್ಚು. ಅಂಗಡಿಯ ಹುಡುಗಿ ಒಬ್ಬ ಗಿರಾಕಿಯ ಜೊತೆ ಒಂದರಲ್ಲಿ ಮಾತು ಶುರು ಮಾಡಿ ಪಕ್ಕದವನಿಗೆ ಇನ್ನೊಂದರಲ್ಲಿ ಚಿಲ್ಲರೆ ಕೊಡುತ್ತಿದ್ದಳು. ನಮ್ಮ ಮನೆಯಲ್ಲಿ ಅಮ್ಮಿ ಉರ್ದುವಿನಲ್ಲಿ ನನ್ನನ್ನು ಬೈದು, ಅದೇ ಉಸಿರಿನಲ್ಲಿ ಬಾಗಿಲಿಗೆ ಬಂದ ತರಕಾರಿಯವಳ ಜೊತೆ ಕನ್ನಡದಲ್ಲಿ ಚೌಕಾಸಿ ಮಾಡುವುದು ನೆನಪಾಯಿತು. ಎರಡು ಭಾಷೆ ಇದ್ದವರಿಗೆ ಒಂದರಿಂದ ಇನ್ನೊಂದಕ್ಕೆ ದಾಟುವುದು ಉಸಿರಾಡಿದಷ್ಟು ಸಲೀಸು ಎಂದು ನಾನು ಅಂದುಕೊಂಡಿದ್ದೆ.

ಸಂಘದ ಕಚೇರಿ

ಮರುದಿನ ಮಾರ್ಟಿನ್ ನಮ್ಮನ್ನು ಸಂಘದ ಕಚೇರಿಗೆ ಕರೆದೊಯ್ದು ತಾಲೀಮು ಮಾಡಿಸಿದ. ಒಳ್ಳೆಯ ಮನುಷ್ಯ. ಕಾಕಾನಿಗೆ ಹಾಲು ಹಾಕಿದ ಚಹಾ ಬೇಕೆಂದು ತಾನೇ ಎಲ್ಲಿಂದಲೋ ತಂದ. ಸುಳ್ಳು ಹೇಳಿ ಎಂದು ಅವನು ಒಮ್ಮೆಯೂ ಹೇಳಲಿಲ್ಲ. ನಿಮಗೆ ಸರಿ ಕಂಡದ್ದನ್ನು ಮಾತ್ರ ಹೇಳಿ ಎನ್ನುತ್ತಿದ್ದ. ಆದರೆ ಯಾವುದು ಸರಿ ಕಾಣಬೇಕು ಎಂಬುದನ್ನು ಮೊದಲೇ ಜೋಡಿಸಿ ಇಟ್ಟಿದ್ದ.

ನನ್ನ ಮಾತು ಕಷ್ಟದ್ದಾಗಿರಲಿಲ್ಲ. ಹೊಸ ನಿಯಮ ಬಂದರೆ ತಾಮ್ರ ಯಾವ ಗಣಿಯದು, ವಾರ್ನಿಷ್ ಯಾವ ಕಾರ್ಖಾನೆಯದು ಎಂದೆಲ್ಲ ನನ್ನಂಥ ಸಣ್ಣವರೂ ಕಾಗದ ಒಪ್ಪಿಸಬೇಕಾಗುತ್ತಿತ್ತು. ಹುಬ್ಬಳ್ಳಿಯ ವ್ಯಾಪಾರಿಯಿಂದ ತಂತಿ ತರುವ ನಾನು ಗಣಿಯ ಹೆಸರನ್ನು ಎಲ್ಲಿಂದ ತರಲಿ? ಆ ಭಯ ನನ್ನದೇ. ಯಾರೂ ಹೇಳಿಕೊಟ್ಟದ್ದಲ್ಲ.

ಕಾಕಾನ ಮಾತು ಹೀಗಿತ್ತು: ಈ ಫ್ಯಾನಿನಿಂದ ನಮ್ಮ ಕರೆಂಟ್ ಉಳಿದಿದೆ, ಫ್ಯಾನು ಕೆಟ್ಟರೆ ಕಂಪನಿಯೇ ಹೊಸದು ಕೊಡುತ್ತದೆ, ಬಿಚ್ಚಿ ಕಟ್ಟುವ ಗೊಡವೆ ನಮಗಿಲ್ಲ. ಇದರಲ್ಲಿ ಯಾವುದೂ ಸುಳ್ಳಲ್ಲ, ಕೊನೆಯದೊಂದನ್ನು ಬಿಟ್ಟರೆ. ಕಾಕಾ ಅದನ್ನು ಹೇಳುವಾಗಲೆಲ್ಲ ಟೋಪಿ ಸರಿ ಮಾಡಿಕೊಳ್ಳುತ್ತಿದ್ದರು.

ನಡುವೆ ಅವರು ಬಚ್ಚಲಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಕೇಳಿಸಿತು. ಗಂಡಸರ ಕಡೆಯ ಬಾಗಿಲು, ನಾನು ಒಳಗೆ ಹೋಗುವಂತಿಲ್ಲ. ಹೊರಗೆ ನಿಂತು ಏನಾಯಿತೆಂದು ಕೇಳಿದೆ.

"ಕರೆಂಟ್ ಹೋಗೇತಿ ನಸೀಮಾ. ಏನೂ ಕಾಣವಲ್ದು."

ಕರೆಂಟ್ ಹೋಗಿರಲಿಲ್ಲ. ಅಲ್ಲಿನ ದೀಪಗಳಿಗೆ ಕಣ್ಣಿದೆ. ಮನುಷ್ಯ ಅಲುಗಾಡದೆ ಕೂತರೆ ಯಾರೂ ಇಲ್ಲವೆಂದು ತಿಳಿದು ಆರಿಹೋಗುತ್ತವೆ. ಕೈ ಮೇಲೆತ್ತಿ ಅಲ್ಲಾಡಿಸಿರಿ ಕಾಕಾ ಎಂದು ಬಾಗಿಲಿಗೆ ಬಾಯಿ ಹಚ್ಚಿ ಹೇಳಿದೆ. ಆಚೆ ಹೊರಟಿದ್ದ ಇಬ್ಬರು ಕೋಟಿನವರು ನನ್ನನ್ನು ನೋಡಿ ಸುತ್ತಿ ಹೋದರು. ಹೊರಗೆ ಬಂದ ಕಾಕಾನ ಹಣೆಯಲ್ಲಿ ಬೆವರಿತ್ತು. ಇಷ್ಟು ಕರೆಂಟ್ ಉಳಿಸಿ ಇವರು ಏನು ಮಾಡುತ್ತಾರೆ ಎಂದು ಕೇಳಿದರು. ನಾನು ನಕ್ಕೆ, ಅವರೂ ನಕ್ಕರು. ಆ ಪ್ರವಾಸದಲ್ಲಿ ನಾವಿಬ್ಬರೂ ಮನಸಾರೆ ನಕ್ಕದ್ದು ಅದೊಂದೇ ಸಲ.

ಸಮಿತಿಯ ಕೋಣೆ

ಕೋಣೆ ಅರ್ಧಚಂದ್ರದ ಹಾಗಿತ್ತು. ಪ್ರತಿ ಕುರ್ಚಿಗೂ ಕಿವಿಗೆ ಹಾಕಿಕೊಳ್ಳುವ ಯಂತ್ರ. ಹಿಂದಿನ ಗೋಡೆಯಲ್ಲಿ ಸಾಲಾಗಿ ಗಾಜಿನ ಗೂಡುಗಳು, ಒಂದೊಂದರಲ್ಲೂ ಕುಳಿತು ಮಾತಾಡಿದ್ದನ್ನು ಆಗಿಂದಾಗಲೇ ಬೇರೆ ಬೇರೆ ಭಾಷೆಗೆ ಹೇಳುವವರು. ಕನ್ನಡಕ್ಕೆ ಗೂಡಿರಲಿಲ್ಲ. ಕಾಕಾನ ಪಕ್ಕದ ಕುರ್ಚಿಯೇ ನನ್ನ ಗೂಡು.

ಮೊದಲು ನಾನು ಮಾತಾಡಿದೆ. ತಾಮ್ರ, ಗಣಿ, ಕಾಗದದ ಭಯ ಎಲ್ಲ ಹೇಳಿದೆ. ಸಮಿತಿಯ ಕೆಲವರು ಬರೆದುಕೊಂಡರು. ಹಿಂದಿನ ಸಾಲಿನಲ್ಲಿದ್ದ ಮಾರ್ಟಿನ್ ತಲೆದೂಗಿದ. ನಂತರ ಕಾಕಾ ತಮ್ಮ ಮಾತನ್ನು ಹೇಳಿದರು, ನಾನು ಇಂಗ್ಲಿಷಿನಲ್ಲಿ ಹೇಳಿದೆ. ಇಲ್ಲಿಗೆ ಮುಗಿಯಿತೆಂದುಕೊಂಡೆ.

ಆಗ ಸಮಿತಿಯ ಹೆಣ್ಣುಮಗಳೊಬ್ಬಳು ತನ್ನ ಮುಂದಿನ ಗುಂಡಿ ಒತ್ತಿದಳು. ನರೆತ ಕೂದಲನ್ನು ಹಿಂದಕ್ಕೆ ಕಟ್ಟಿದ್ದಳು. ದನಿಯಲ್ಲಿ ಬಿರುಸಿರಲಿಲ್ಲ. ಫ್ಯಾನು ಯಾವಾಗಲಾದರೂ ಕೆಟ್ಟಿತ್ತೆ ಎಂದು ಕೇಳಿದಳು. ನಾನು ಕನ್ನಡದಲ್ಲಿ ಕಾಕಾನಿಗೆ ಹೇಳಿದೆ. ಒಮ್ಮೆ ಕೆಟ್ಟಿತ್ತು, ಕಂಪನಿ ಹೊಸದು ಕೊಟ್ಟಿತು ಎಂದರು ಕಾಕಾ. ಅದು ಎಲ್ಲಿಂದ ಬಂತು ಎಂದು ಅವಳು ಕೇಳಿದಳು. ಹಡಗಿನಲ್ಲಿ ಎಂದರು ಕಾಕಾ. ನಾನು ಹಾಗೇ ಹೇಳಿದೆ, ಆದರೆ ಮಾತು ಆ ಬೇಸಿಗೆಯ ಕಡೆಗೇ ಹೊರಟಿರುವುದು ನನಗೆ ತಿಳಿಯುತ್ತಿತ್ತು.

ಅವಳು ಅದನ್ನು ಬರೆದುಕೊಂಡಳು. ಹಾಗಾದರೆ ಹಡಗು ಬರುವವರೆಗೆ ನಿಮ್ಮ ಕೋಣೆಯಲ್ಲಿದ್ದ ರೈತರ ಮಾಲು ಕೆಟ್ಟುಹೋಗಿರಬೇಕಲ್ಲ, ಅದಕ್ಕಾಗಿ ವಿಷಾದವಿದೆ ಎಂದಳು.

ನಾನು ಕಾಕಾನಿಗೆ ಇದನ್ನು ಹೇಳಿದೆ. ಹೇಳದೇ ಬೇರೆ ದಾರಿ ಇರಲಿಲ್ಲ. ಕಾಕಾನ ಕಿವಿ ಕೆಂಪಾಯಿತು. ಅವರು ಆ ಕೋಲ್ಡ್ ಸ್ಟೋರೇಜ್ ಹಾಕಿದಾಗಿನಿಂದ ಅವರ ಬಗ್ಗೆ ಬ್ಯಾಡಗಿಯಲ್ಲಿ ಯಾರು ಏನು ಬೇಕಾದರೂ ಅಂದಿದ್ದಾರೆ, ಮಾಲು ಕೆಡಿಸಿದರು ಎಂದು ಮಾತ್ರ ಅಂದಿಲ್ಲ. ಅವರು ಮೈಕಿನ ಕಡೆ ಬಾಗಿದರು. ಮೈಕಿಗೆ ಕನ್ನಡ ಬರುವುದಿಲ್ಲ ಎಂಬುದು ಅವರಿಗೆ ಮರೆತಿತ್ತು.

"ಒಂದ್ ಚೀಲನೂ ಕೆಟ್ಟಿಲ್ಲ ನಮ್ಮಲ್ಲಿ. ನಮ್ಮ ನಸೀಮಾ ಆ ಮೋಟಾರ್ ಕೊರದು, ತಂತಿ ಸುತ್ತಿ, ಲಗೂ ತಂದು ಕೂಡಿಸಿದ್ಲು. ಹಡಗ ಬರೂಮಟ ಅದೇ ತಿರುಗೇತಿ. ಕರೆಂಟ್ ಜಾಸ್ತಿ ತಿಂತು, ಅದೂ ಖರೇ. ಆದ್ರ ರೈತರ ಕಾಯಿ ಉಳೀತು."

ಗಾಜಿನ ಗೂಡುಗಳಲ್ಲಿದ್ದವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಹೇಳಿದ ಮೇಲೆಯೇ ಅವರ ಕೆಲಸ. ಅಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಮಾಲು ಕೆಡಲಿಲ್ಲ, ಬೇರೆ ವ್ಯವಸ್ಥೆ ಮಾಡಿಕೊಂಡೆವು ಎಂದರೆ ಸಾಕಿತ್ತು. ಅದನ್ನು ಸುಳ್ಳು ಎನ್ನಲು ಯಾರಿಗೂ ಬರುತ್ತಿರಲಿಲ್ಲ. ಶೆಡ್ಡಿನ ಹೆಂಗಸರು ಕಣ್ಣ ಮುಂದೆ ಬಂದರು.

ಆದರೆ ಕಾಕಾನ ಮಾತಿನಲ್ಲಿ ಮೋಟಾರು, ಕರೆಂಟ್ ಅಲ್ಲದೆ ಇನ್ನೊಂದು ಶಬ್ದವೂ ಎಲ್ಲರಿಗೂ ತಿಳಿದಿತ್ತು. ಅವರು ನಿಮ್ಮ ಹೆಸರು ಹೇಳಿದರಲ್ಲ ಎಂದಳು ಆ ಹೆಣ್ಣುಮಗಳು, ಅವರು ಏನೆಂದರು?

ನಾನು ಹೇಳಿದೆ. ಮುಚ್ಚಿದ ಮೋಟಾರನ್ನು ನಾವು ಗರಗಸದಿಂದ ಕೊಯ್ದದ್ದು, ವಿವರ ಸಿಗದೆ ಅಂದಾಜಿನ ಮೇಲೆ ಸುತ್ತಿದ್ದು, ಹೊಸದು ಬರುವವರೆಗೆ ಅದೇ ತಿರುಗಿದ್ದು, ಕಾಯಿ ಉಳಿದದ್ದು. ಹೇಳುತ್ತ ಹೋದಂತೆ ದನಿ ಗಟ್ಟಿಯಾಯಿತು. ಕರೆಂಟ್ ಜಾಸ್ತಿ ತಿಂದಿತು ಎಂಬ ಮಾತಿಗೆ ಬಂದಾಗ ಮಾತ್ರ ಏಕೋ ನಾಲಿಗೆ ಅದನ್ನು ದಾಟಿ ಮುಂದೆ ಹೋಯಿತು. ಬಿಡಬೇಕೆಂದು ಯೋಚಿಸಿ ಬಿಟ್ಟದ್ದಲ್ಲ. ಅದು ನಾನು ಸುತ್ತಿದ ಮೋಟಾರು.

ಆ ಹೆಣ್ಣುಮಗಳು ಬರೆದುಕೊಂಡಳು. ನಾನು ಹಿಂದೆ ತಿರುಗಿ ನೋಡಲಿಲ್ಲ.

ಚೌಕದ ಕಾಫಿ ಅಂಗಡಿ

ಹೊರಗೆ ಬಂದ ಮೇಲೆ ಮಾರ್ಟಿನ್ ರೇಗಲಿಲ್ಲ. ಹತ್ತಿರದ ಚೌಕದಲ್ಲಿ ಕಾಫಿ ಅಂಗಡಿಗೆ ಕರೆದೊಯ್ದು ಕಾಕಾನಿಗೆ ಕುರ್ಚಿ ಎಳೆದು ಕೊಟ್ಟ. ಅಲ್ಲಿ ಜನ ಮಳೆಯ ಹನಿ ಬೀಳುತ್ತಿದ್ದರೂ ಹೊರಗೇ ಕುಳಿತು, ಮುಖ ಎತ್ತಿ, ಇಲ್ಲದ ಬಿಸಿಲಿಗೆ ಕಾಯುತ್ತಿದ್ದರು. ನಮ್ಮಲ್ಲಿ ಬಿಸಿಲಿನಿಂದ ಓಡುವವರು, ಇಲ್ಲಿ ಬಿಸಿಲಿನ ಹಿಂದೆ ಓಡುವವರು ಎಂದು ಬೇರೆ ದಿನವಾಗಿದ್ದರೆ ಕಾಕಾ ಹೇಳುತ್ತಿದ್ದರೋ ಏನೋ. ಅವತ್ತು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದರು.

ಮಾರ್ಟಿನ್ ಮೆಲ್ಲಗೆ ಮಾತಾಡಿದ. ನೀವು ಕಸುಬಿನ ಅನುವಾದಕಿಯಲ್ಲ, ಗಾಬರಿಯಲ್ಲಿ ಹೆಚ್ಚುಕಡಿಮೆ ಆಗುತ್ತದೆ, ಇಂಥದ್ದು ಇಲ್ಲಿ ನಡೆಯುತ್ತಲೇ ಇರುತ್ತದೆ ಎಂದ. ಸಮಿತಿಯ ಕಾರ್ಯದರ್ಶಿಗೆ ಒಂದು ಫೋನ್ ಮಾಡಿ, ಅನುವಾದದಲ್ಲಿ ತಪ್ಪಾಗಿದೆ, ಆ ಉತ್ತರವನ್ನು ಬಿಡಿ ಎಂದರೆ ಮುಗಿಯಿತು, ಯಾರೂ ಕೆಟ್ಟದಾಗಿ ತಿಳಿಯುವುದಿಲ್ಲ. ಇಲ್ಲದಿದ್ದರೆ ನಿಮ್ಮ ಮೋಟಾರನ್ನು ನಿಮ್ಮದೇ ಸುರುಳಿ ಸುತ್ತುವವಳು ಕೊಯ್ದಿದ್ದಾಳೆ ಎಂದು ಕಂಪನಿಯವರಿಗೆ ನಾನು ಹೇಗೆ ತಿಳಿಸಲಿ ಎಂದು ಕೇಳಿದ. ಅದು ಬೆದರಿಕೆಯ ಹಾಗಿರಲಿಲ್ಲ. ಅವನ ಮೇಲೆಯೂ ಯಾರೋ ಇದ್ದರು.

ಅವ ಏನು ಅನ್ನುತ್ತಾನೆ ಎಂದು ಕಾಕಾ ಕೇಳಿದರು. ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ, ಒಂದನ್ನೂ ಬಿಡದೆ. ಕೇಳಿದ ಮೇಲೆ ಕಾಕಾ ಕಪ್ಪು ಕೆಳಗಿಟ್ಟರು.

"ಫೋನ್ ಮಾಡು, ತಂಗಿ," ಎಂದರು. "ತಪ್ಪು ನಿಂದು ಅನಬ್ಯಾಡ. ಮುದುಕಗ ಅರವು-ಮರವು ಆಗೇತಿ, ಬಾಯಿಗೆ ಬಂದಿದ್ದು ಅಂದಾನ ಅನ್ನು. ನಂದೇನು ಹೋಗ್ತೈತಿ. ನಿನ್ನ ಹಿಂದ ಅಷ್ಟ್ ಮಂದಿ ಹೆಣ್ಮಕ್ಕಳದಾರ."

ಬಸವರಾಜನ ಏಜೆನ್ಸಿಯ ಮಾತನ್ನು ಅವರು ಎತ್ತಲಿಲ್ಲ. ತನ್ನ ಬುದ್ಧಿ ಕೆಟ್ಟಿದೆ ಎಂದು ಪರದೇಶದವರ ಮುಂದೆ ಹೇಳು ಎಂದು ನನಗೆ ಅನುಮತಿ ಕೊಡುತ್ತಿದ್ದರು. ಕಾಯಿಯ ಚೀಲದ ಮೇಲೆ ಅಂಗೈ ಇಟ್ಟು ಒಳಗಿನ ತೇವ ಹೇಳುವ ಮನುಷ್ಯ. ಅವರ ಮುಖ ನೋಡಲಾಗಲಿಲ್ಲ.

ಮಾರ್ಟಿನ್ ತನ್ನ ಫೋನಿನಿಂದಲೇ ಸಂಖ್ಯೆ ಒತ್ತಿ ನನ್ನ ಕೈಗೆ ಕೊಟ್ಟ. ಆ ಕಡೆ ಕಾರ್ಯದರ್ಶಿ ಎತ್ತಿದಳು. ಹೆಸರು ಹೇಳಿದೆ. ಅನುವಾದದಲ್ಲಿ ಒಂದು ತಿದ್ದುಪಡಿ ಇದೆ ಎಂದೆ. ಮಾರ್ಟಿನ್ ಕಣ್ಣು ಮುಚ್ಚಿ ಉಸಿರು ಬಿಟ್ಟ.

ಮಲ್ಲೇಶಪ್ಪನವರು ಹೇಳಿದ ಒಂದು ಮಾತನ್ನು ನಾನು ಬಿಟ್ಟಿದ್ದೇನೆ ಎಂದೆ. ನಾವು ಸುತ್ತಿ ಕೊಟ್ಟ ಮೋಟಾರು ಮೊದಲಿಗಿಂತ ಹೆಚ್ಚು ಕರೆಂಟ್ ತಿಂದಿತು ಎಂದು ಅವರು ಹೇಳಿದ್ದರು, ಅದನ್ನೂ ಬರೆದುಕೊಳ್ಳಿ. ಉಳಿದದ್ದೆಲ್ಲ ಅವರು ಹೇಳಿದ ಹಾಗೆಯೇ ಇದೆ. ಅದನ್ನು ತೆಗೆಯಬೇಡಿ.

ಕಾರ್ಯದರ್ಶಿ ಅದನ್ನು ಓದಿ ಹೇಳಿದಳು. ಸರಿ ಎಂದೆ. ಫೋನು ಮಾರ್ಟಿನ್‌ಗೆ ವಾಪಸ್ ಕೊಟ್ಟೆ. ಅವನು ಅದನ್ನು ಮೇಜಿನ ಮೇಲೆ ಬೋರಲು ಇಟ್ಟ. ರಿಪೇರಿಯಾದ ಮೋಟಾರು ಹೆಚ್ಚು ಕರೆಂಟ್ ತಿನ್ನುತ್ತದೆ ಎಂಬುದು ಅವನ ಸಂಘದವರು ಮೊದಲಿನಿಂದ ಹೇಳಿಕೊಂಡು ಬಂದ ವಾದವೇ. ಅವನಿಗೆ ಬೇಕಾದದ್ದೂ ಸಿಕ್ಕಿತ್ತು, ಬೇಡವಾದದ್ದೂ ಉಳಿದಿತ್ತು. ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯದವನ ಹಾಗೆ ನನ್ನನ್ನು ನೋಡಿದ. ಆಮೇಲೆ ಎದ್ದು ಕಾಕಾನ ಕೈ ಕುಲುಕಿ, ಕೊಡೆ ಬಿಚ್ಚಿಕೊಂಡು ಹೋದ.

ಏನಂದಿ ಎಂದು ಕಾಕಾ ಕೇಳಿದರು. ಹೇಳಿದೆ. ಕರೆಂಟಿನ ಮಾತು ಅಲ್ಲಿ ಯಾಕೆ ಬಿಟ್ಟಿದ್ದೆ ಎಂದರು. ನಾನು ಕಾಫಿಯ ದುಡ್ಡು ಕೊಡಲು ಎದ್ದೆ.

ವಿಮಾನ ನಿಲ್ದಾಣದ ರೈಲು

ಹಿಂತಿರುಗುವ ದಿನ ಸಂಘದ ಕಾರು ಬರಲಿಲ್ಲ. ರೈಲಿನಲ್ಲಿ ಹೋದೆವು. ಪೆಟ್ಟಿಗೆ ಎತ್ತಿಕೊಂಡು ಸ್ಟೇಷನ್ನಿನ ಕರೆಂಟ್ ಮೆಟ್ಟಿಲಿನ ಹತ್ತಿರ ಬಂದರೆ ಅದು ನಿಂತಿತ್ತು. ಕೆಟ್ಟಿದೆಯೆಂದು ನಾವಿಬ್ಬರೂ ಪಕ್ಕದ ಕಲ್ಲಿನ ಮೆಟ್ಟಿಲನ್ನು ಅರ್ಧ ಏರಿದ ಮೇಲೆ, ಹಿಂದಿನಿಂದ ಬಂದ ಹೆಂಗಸು ಕಾಲಿಟ್ಟ ಕೂಡಲೇ ಅದು ತಾನಾಗಿ ಮೇಲೆ ಹೊರಟಿತು. ಕಾಲಿಟ್ಟರೆ ಮಾತ್ರ ತಿರುಗುವ ಮೆಟ್ಟಿಲು. ನಮಗೆ ಮತ್ತೆ ಕೆಳಗಿಳಿಯುವ ತ್ರಾಣವಿರಲಿಲ್ಲ, ಕಲ್ಲಿನ ಮೆಟ್ಟಿಲೇ ಏರಿದೆವು.

ರೈಲಿನಲ್ಲಿ ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಹಾವೇರಿಯಿಂದ ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ನಮ್ಮ ಗಾಡಿಯಲ್ಲಿ ಎದುರಿನವರ ಮನೆತನ, ಮಕ್ಕಳ ಮದುವೆ, ಹೊಲದ ತಕರಾರು ಎಲ್ಲ ತಿಳಿದಿರುತ್ತದೆ. ಇಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿ ಕುಳಿತ ಮನುಷ್ಯ ನಮ್ಮನ್ನು ನೋಡದ ಹಾಗೆ ಕುಳಿತಿದ್ದ. ಅವತ್ತು ಅದೇ ಹಿತವೆನಿಸಿತು. ಕಾಕಾ ಬಸವರಾಜನಿಗೆ ಫೋನ್ ಮಾಡಿದರು. ಮಗ ಏನು ಹೇಳುತ್ತಿದ್ದಾನೆ ಎಂದು ನನಗೆ ಕೇಳಿಸಲಿಲ್ಲ, ಕಾಕಾ ಹೂಂ, ಹೂಂ ಎನ್ನುವುದಷ್ಟೇ ಕೇಳಿಸಿತು. ಫೋನು ಇಟ್ಟ ಮೇಲೆ, ಸಿಟ್ಟಾಗಿದ್ದಾನೆ, ಆದರೆ ಮಾಲು ಕೆಟ್ಟಿತ್ತು ಅಂತ ನಾನು ಹೆಂಗ ಒಪ್ಪಲಿ ಎಂದರು. ನನ್ನನ್ನು ಕೇಳಿದ್ದಲ್ಲ. ಕಿಟಕಿಯ ಕಡೆ ನೋಡಿಕೊಂಡು ಹೇಳಿದ್ದು.

ರಾಣೆಬೆನ್ನೂರು

ನಿಯಮ ಕೊನೆಗೆ ಬಂತು. ಮೋಟಾರನ್ನು ಬಿಚ್ಚಲು ಬರಬೇಕು ಎಂಬ ಮಾತು ಉಳಿಯಿತು, ಆದರೆ ತೀರ ದೊಡ್ಡ ಮೋಟಾರುಗಳಿಗೆ ಮಾತ್ರ. ಕಾಕಾನ ಫ್ಯಾನಿನಷ್ಟರವು ಹೊರಗುಳಿದವು. ರಿಪೇರಿಯಾದ ಮೇಲೆ ಎಷ್ಟು ಕರೆಂಟ್ ತಿನ್ನುತ್ತದೆ ಎಂದು ಪರೀಕ್ಷಿಸಿ ಬರೆದು ಕೊಡಬೇಕು ಎಂಬುದೂ ಸೇರಿತು. ಇದರಲ್ಲಿ ನಮ್ಮಿಬ್ಬರ ಮಾತಿನ ಪಾಲು ಎಷ್ಟೋ, ಇತ್ತೋ ಇಲ್ಲವೋ, ಯಾರು ಬಲ್ಲರು? ಸಣ್ಣವರ ಕಾಗದದ ಭಾರವನ್ನು ಸ್ವಲ್ಪ ಇಳಿಸಿದ್ದರು. ಅದಕ್ಕೆ ಸಂತೋಷಪಟ್ಟೆ.

ಬಸವರಾಜನ ಏಜೆನ್ಸಿ ಹೋಗಲಿಲ್ಲ. ಹಾವೇರಿಯಲ್ಲಿ ಅವನಷ್ಟು ಮಾಲು ಮಾರುವವರು ಕಂಪನಿಗೆ ಬೇರೆ ಸಿಕ್ಕಲಿಲ್ಲ. ಪೆಟ್ಟು ಬಿದ್ದದ್ದು ನಮ್ಮ ಶೆಡ್ಡಿಗೆ. ಕಂಪನಿಯವರು ಜಗಳವಾಡಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಹೊಸ ಮಾದರಿಯ ಸುರುಳಿಯನ್ನು ಬೇರೆ ಕಡೆ ಸುತ್ತಿಸುತ್ತೇವೆ, ಹಳೆಯದು ಮಾತ್ರ ನಿಮಗೆ ಎಂದರು. ಅರ್ಧದಷ್ಟು ಹೆಂಗಸರಿಗೆ ಕೆಲಸವಿಲ್ಲವಾಯಿತು.

ಅವರನ್ನು ಕೂರಿಸಿಕೊಂಡು ಅಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಕೆಲವರು ಹೋಗಲಿ ಬಿಡ್ರಿ ಎಂದರು. ನನ್ನ ಮನಸ್ಸಿಗೆ ನೋವಾಗಬಾರದೆಂದು ಅಂದದ್ದು. ಒಬ್ಬಳು ಅಲ್ಲಿಯ ಚಾಕಲೇಟ್ ತಂದಿದ್ದೀರಾ ಎಂದು ಕೇಳಿ ಎಲ್ಲರನ್ನೂ ನಗಿಸಲು ನೋಡಿದಳು. ಕುಪ್ಪೇಲೂರಿನ ಹನುಮವ್ವ ಮಾತ್ರ ನಗಲಿಲ್ಲ. ಮೊದಲು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ ಮಾಡುತ್ತಿದ್ದವಳು. ಇನ್ನು ಮತ್ತೆ ಅದಕ್ಕೇ ಹೋಗಬೇಕಾಗಿತ್ತು. ಉಳಿದವರೆಲ್ಲ ಹೋದ ಮೇಲೆ ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಮುಂದೆ ಬಂದು ನಿಂತಳು.

"ನನ್ನ ಕೇಳಿದ್ರ ಸುಳ್ಳ ಹೇಳ್ರಿ ಅಂತಿದ್ದೆ ನಾ, ಅಕ್ಕಾರ," ಎಂದಳು. "ನಿಮ್ಮ ತಪ್ಪು ಅಂತಲ್ಲ. ಆದ್ರ ಅಲ್ಲಿ ನಾವು ಇರಲಿಲ್ಲ. ಇದ್ದಿದ್ರ ಹೇಳ್ತಿದ್ದೆ."

ಹೌದು ಎಂದೆ. ಕಾಕಾನ ಒಂದು ಮಾತನ್ನೂ ಬಿಡಬಾರದೆಂದು ಅಷ್ಟು ದೂರ ಒದ್ದಾಡಿದ್ದೆ. ಹನುಮವ್ವನ ಮಾತನ್ನು ಹೊರಡುವ ಮೊದಲು ಕೇಳಿರಲೇ ಇಲ್ಲ. ಅವಳು, ಕೆಲಸ ಬಂದರೆ ಮೊದಲು ನನ್ನನ್ನು ಕರೆಯಿರಿ ಎಂದು ಹೇಳಿ ಬಸ್ಸಿಗೆ ಹೋದಳು.

ಆ ಚಳಿಗಾಲ, ಆ ಬೇಸಿಗೆ ನಾನು ಸುಮ್ಮನೆ ಕೂಡಲಿಲ್ಲ. ಕೊಯಮತ್ತೂರು, ಪುಣೆ ಎಂದು ತಿರುಗಿದೆ. ಮೆಣಸಿನಕಾಯಿ ಸೀಸನ್ ಮುಗಿಯುತ್ತ ಬಂದಾಗ ಪುಣೆಯ ಪಂಪಿನ ಕಾರ್ಖಾನೆಯೊಂದು ಸಣ್ಣ ಆರ್ಡರ್ ಕೊಟ್ಟಿತು. ಅವತ್ತೇ ಹನುಮವ್ವನಿಗೆ ಫೋನ್ ಮಾಡಿ, ನಾಳೆಯಿಂದ ಬಾ ಎಂದೆ.

"ನಾಳೆ ಆಗಂಗಿಲ್ರಿ ಅಕ್ಕಾರ," ಎಂದಳು. "ಕೈಬೊಟ್ಟಿಗೆಲ್ಲ ಮೆಣಸಿನಕಾಯಿ ಉರಿ ಹತ್ತೇತಿ, ಸಣ್ಣ ತಂತಿ ಹಿಡಿಯಾಕ ಬರಂಗಿಲ್ಲ. ಇದೊಂದು ಆರ್ಲಿ, ಬರ್ತೇನಿ."